ಮನೆಯ ನೆಟ್ ಸ್ಲೋ ಆದರೆ, ತೊಂದರೆ ಒಳಗೋ ಹೊರಗೋ ಮೊದಲು ನೋಡಿ

"ನೆಟ್ ಸ್ಲೋ ಇದೆ" ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದು ಒಂದೇ: ಎಲ್ಲಿ ಕೂತು ನೋಡುತ್ತಿದ್ದೀರಿ? ಜಗಲಿಯಲ್ಲೋ, ಒಳಗಿನ ಕೋಣೆಯಲ್ಲೋ, ಅಟ್ಟದ ಮೇಲೋ? ಶಿರಸಿ ಸುತ್ತಮುತ್ತ ಮನೆಗಳಿಗೆ ಫೈಬರ್ ಎಳೆದು ಕನೆಕ್ಷನ್ ಕೊಡುವುದು ನನ್ನ ಕೆಲಸ. ಈ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗಿಬಿಡುತ್ತದೆ. ಕಂಬದಿಂದ ರೂಟರ್‌ವರೆಗೆ ಬರುವ ಲೈನ್ ಬೇರೆ, ರೂಟರ್‌ನಿಂದ ನಿಮ್ಮ ಮೊಬೈಲ್‌ಗೆ ಹೋಗುವ ವೈಫೈ ಬೇರೆ. ಯಾವುದು ಕೈಕೊಟ್ಟಿದೆ ಅಂತ ತಿಳಿಯದೆ ದೊಡ್ಡ ಪ್ಲಾನ್ ಹಾಕಿಸುವವರು, ಹೊಸ ರೂಟರ್ ತರುವವರು ಬೇಕಾದಷ್ಟು ಜನ ಇದ್ದಾರೆ. ದುಡ್ಡು ಹೋಗುತ್ತದೆ, ನೆಟ್ ಮಾತ್ರ ಹಾಗೇ ಇರುತ್ತದೆ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಕೇಬಲ್ ಹಾಕಿ ಅಳೆಯಿರಿ

ಒಂದು ಲ್ಯಾಪ್‌ಟಾಪ್ ಮತ್ತು ಲ್ಯಾನ್ ಕೇಬಲ್ ಇದ್ದರೆ ಸಾಕು. ಕೇಬಲ್ಲನ್ನು ನೇರ ರೂಟರ್‌ಗೆ ಹಾಕಿ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಮನೆಯ ಟೀವಿ, ಬೇರೆಯವರ ಮೊಬೈಲ್ ಎಲ್ಲವನ್ನೂ ಸ್ವಲ್ಪ ಹೊತ್ತು ನೆಟ್‌ನಿಂದ ಬಿಡಿಸಿ. ಈಗ ಸ್ಪೀಡ್‌ಟೆಸ್ಟ್ ಅಥವಾ ಫಾಸ್ಟ್ ಡಾಟ್ ಕಾಮ್ ತೆರೆದು ಅಳೆಯಿರಿ. ಇಲ್ಲಿ ಪ್ಲಾನಿನಷ್ಟು ಅಥವಾ ಅದರ ಹತ್ತಿರ ಬಂದರೆ ಲೈನ್ ಚೆನ್ನಾಗಿದೆ, ತೊಂದರೆ ಹೆಚ್ಚಾಗಿ ನಿಮ್ಮ ವೈಫೈನಲ್ಲಿದೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಮೊಬೈಲ್ ಹಿಡಿದು ರೂಟರ್‌ನಿಂದ ಒಂದು ಮಾರು ದೂರದಲ್ಲಿ ನಿಂತು ನೋಡಿ. ಅಷ್ಟು ಖಚಿತ ಅಲ್ಲ, ಆದರೂ ಅಂದಾಜು ಸಿಗುತ್ತದೆ.

ಅಳತೆ ಓದುವುದರಲ್ಲಿ ತುಂಬಾ ಜನ ಎಡವುತ್ತಾರೆ. ಸಿದ್ದಾಪುರ ರಸ್ತೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಯಜಮಾನರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ತಮ್ಮಾ, ನೂರರ ಪ್ಲಾನ್ ಹಾಕಿಸಿದ್ದು. ಇಲ್ಲಿ ನೋಡು, ಹನ್ನೆರಡೇ ಬರ್ತಾ ಇದೆ" ಅಂದರು. ಒಂದು ದೊಡ್ಡ ಫೈಲ್ ಡೌನ್‌ಲೋಡ್ ಆಗುತ್ತಿತ್ತು. ಅಲ್ಲಿ ತೋರಿಸುತ್ತಿದ್ದುದು ಸೆಕೆಂಡಿಗೆ 12 ಮೆಗಾಬೈಟ್. ಕಂಪನಿಯವರು ಮಾರುವುದು ಮೆಗಾಬಿಟ್ ಲೆಕ್ಕದಲ್ಲಿ. 8 ಬಿಟ್ ಸೇರಿದರೆ 1 ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ಅಂದರೆ ಅವರಿಗೆ ಪೂರ್ತಿ ಸ್ಪೀಡ್ ಬರುತ್ತಿತ್ತು. ಪೇಪರ್ ಮೇಲೆ ಬರೆದು ತೋರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು.

ಇನ್ನೊಂದು ಗುರುತು ನೆನಪಿಡಿ. ಪ್ಲಾನ್ 200 ಅಥವಾ 300 ಇದ್ದು, ಕೇಬಲ್‌ನಲ್ಲಿ ಅಳೆದಾಗ 94, 95ಕ್ಕೆ ಬಂದು ನಿಂತುಬಿಟ್ಟರೆ ಅದು ಲೈನಿನ ತಪ್ಪಲ್ಲ. ಲ್ಯಾನ್ ಕೇಬಲ್ ಒಳಗೆ 8 ತಂತಿ ಇರುತ್ತವೆ. 1000ದ ಸ್ಪೀಡಿಗೆ ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು. ಇಲಿ ಕಚ್ಚಿಯೋ, ಬಾಗಿಲಿಗೆ ಸಿಕ್ಕಿಯೋ ಒಂದು ತಂತಿ ತುಂಡಾದರೂ ಸಂಪರ್ಕ 100ಕ್ಕೆ ಇಳಿಯಬಹುದು. ಕೆಲವು ಹಳೆಯ ರೂಟರ್, ಹಳೆಯ ಲ್ಯಾಪ್‌ಟಾಪ್‌ಗಳ ಪೋರ್ಟೇ 100ರದ್ದು. ಕ್ಯಾಟ್ 5ಇ ಅಥವಾ ಕ್ಯಾಟ್ 6 ಅಂತ ಬರೆದ ಬೇರೆ ಕೇಬಲ್ ಹಾಕಿ ನೋಡಿ.

ವೈಫೈ ಮತ್ತು ನಮ್ಮ ಗೋಡೆಗಳು

ನಮ್ಮ ಕಡೆ ಚಿರೆಕಲ್ಲಿನ ಮನೆಗಳು ಜಾಸ್ತಿ. ಹಳೆಯ ಮನೆಯಾದರೆ ಗೋಡೆ ಒಂದೂವರೆ ಅಡಿ ದಪ್ಪ ಇರುತ್ತದೆ. ಬೇಸಿಗೆಯಲ್ಲಿ ಮನೆ ತಂಪಾಗಿರುತ್ತದೆ, ವೈಫೈಗೆ ಮಾತ್ರ ಕಷ್ಟ. ಎರಡು ಗೋಡೆ ದಾಟುವುದರೊಳಗೆ ಸಿಗ್ನಲ್ ಸೋತು ಹೋಗುತ್ತದೆ. ಇಷ್ಟಿದ್ದೂ ರೂಟರನ್ನು ಕೂರಿಸುವುದು ಎಲ್ಲಿ? ವೈರ್ ಒಳಗೆ ಬಂದ ಮೂಲೆಯಲ್ಲಿ, ಟೀವಿ ಹಿಂದೆ, ಇಲ್ಲವೇ ಚೆಂದ ಕಾಣಲ್ಲ ಅಂತ ಕಪಾಟಿನೊಳಗೆ. ಕಬ್ಬಿಣದ ಕಪಾಟು, ಫ್ರಿಜ್, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಎಲ್ಲವೂ ಸಿಗ್ನಲ್ಲಿಗೆ ಅಡ್ಡ. ಮನೆಯ ನಡುವೆ, ಆಳೆತ್ತರದಲ್ಲಿ, ನಾಲ್ಕೂ ಕಡೆ ಬಯಲಾಗಿರುವ ಜಾಗ ಹುಡುಕಿ. ಕನೆಕ್ಷನ್ ಕೊಡಲು ಬಂದ ಹುಡುಗನಿಗೆ ಆ ದಿನವೇ, "ನಡುಮನೆಯವರೆಗೆ ವೈರ್ ತನ್ನಿ" ಅಂತ ಹೇಳಿ. ಹತ್ತು ಮೀಟರ್ ವೈರ್ ಜಾಸ್ತಿ ಹಿಡಿಯಬಹುದು, ಅಷ್ಟೇ.

ರೂಟರ್‌ನಲ್ಲಿ ಎರಡು ಹೆಸರಿನ ವೈಫೈ ಕಾಣುತ್ತಿದ್ದರೆ ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಈ 5ಕ್ಕೂ ಮೊಬೈಲ್ ಸಿಮ್ಮಿನ 5ಜಿಗೂ ಸಂಬಂಧ ಇಲ್ಲ. 2.4 ದೂರ ಹೋಗುತ್ತದೆ, ಆದರೆ ನಿಧಾನ. 5 ಜೋರು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ರೂಟರ್ ಇರುವ ಕೋಣೆಯಲ್ಲೇ ಕೂತು 2.4ಕ್ಕೆ ಸೇರಿಕೊಂಡರೆ 100ರ ಪ್ಲಾನಿನಲ್ಲೂ 30, 40 ಬರುವುದು ಮಾಮೂಲು. ಬರೀ 5ಕ್ಕೆ ಬದಲಿಸಿದರೆ ಸಾಕು, ಎಷ್ಟೋ ಮನೆಗಳ ದೂರು ಅಲ್ಲಿಗೇ ಮುಗಿಯುತ್ತದೆ. ಪೇಟೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಅಕ್ಕಪಕ್ಕದ ರೂಟರ್‌ಗಳೆಲ್ಲ 2.4ರಲ್ಲೇ ಕಿತ್ತಾಡುತ್ತಿರುತ್ತವೆ. ಅಲ್ಲಿ ರೂಟರ್ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್ 1, 6, 11 ಈ ಮೂರರಲ್ಲಿ ಖಾಲಿ ಇರುವುದನ್ನು ಆರಿಸಿ. ಇವು ಮೂರು ಒಂದರ ಮೇಲೊಂದು ಬೀಳುವುದಿಲ್ಲ.

ಅಟ್ಟದ ಮೇಲೆ ಕೂತು ಬೆಂಗಳೂರಿನ ಆಫೀಸಿನ ಕೆಲಸ ಮಾಡುವ ಮಕ್ಕಳು, ಸೊಸೆಯಂದಿರು ಈಗ ಊರೂರಲ್ಲೂ ಇದ್ದಾರೆ. ಅವರಿಗೆ ನನ್ನ ಸಲಹೆ: ಅಗ್ಗದ ರಿಪೀಟರ್ ಬೇಡ. ಅದು ಬಂದ ಸಿಗ್ನಲ್ಲನ್ನೇ ಮತ್ತೆ ಗಾಳಿಯಲ್ಲಿ ಕಳಿಸುತ್ತದೆ, ಹಾಗಾಗಿ ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೆಳಗಿನಿಂದ ಒಂದು ಲ್ಯಾನ್ ಕೇಬಲ್ ಎಳೆಸಿ, ಮೇಲೆ ಇನ್ನೊಂದು ರೂಟರ್ ಇಡಿ. ಹಳೆಯ ರೂಟರ್ ಇದ್ದರೂ ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹಂಚುವ ಸೆಟ್ಟಿಂಗ್) ಹಾಕಿ ಬಳಸಬಹುದು. ಕೆಲಸ ಮಾಡುವ ಮೇಜಿಗೆ ಕೇಬಲ್ಲೇ ಬಂದರೆ ಇನ್ನೂ ಒಳ್ಳೆಯದು.

ಸ್ಪೀಡ್ ಇದೆ, ಆದರೂ ತಡವರಿಸುತ್ತದೆ

ಇದಕ್ಕೆ ಮುಖ್ಯ ಕಾರಣ ಅಪ್‌ಲೋಡ್, ಅಂದರೆ ನಿಮ್ಮ ಮನೆಯಿಂದ ಹೊರಗೆ ಹೋಗುವ ಡೇಟಾ. ಸಿಸಿಟೀವಿ ಕ್ಯಾಮೆರಾ ದಿನವಿಡೀ ವಿಡಿಯೋವನ್ನು ಕ್ಲೌಡ್‌ಗೆ ಕಳಿಸುತ್ತಿರುತ್ತದೆ. ಮದುವೆಗೆ ಹೋಗಿ ಬಂದ ದಿನ ಮನೆಯವರೆಲ್ಲರ ಮೊಬೈಲ್ ಒಟ್ಟಿಗೇ ಫೋಟೋ ಬ್ಯಾಕಪ್ ಶುರು ಮಾಡುತ್ತವೆ. ಅಪ್‌ಲೋಡ್ ತುಂಬಿತೆಂದರೆ ಡೌನ್‌ಲೋಡ್ ಕೂಡ ಒದ್ದಾಡುತ್ತದೆ. ಯಾಕೆಂದರೆ ನೀವು ಒಂದು ಪುಟ ತೆರೆಯುವಾಗ "ಬಂತು, ಮುಂದಿನದು ಕಳಿಸಿ" ಎಂಬ ಸಣ್ಣ ಉತ್ತರಗಳು ನಿಮ್ಮ ಕಡೆಯಿಂದ ಹೋಗುತ್ತಲೇ ಇರಬೇಕು. ಅವು ಸರದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಬ್ಯಾಕಪ್ಪನ್ನು ರಾತ್ರಿಗೆ ಬಿಡಿ, ಕ್ಯಾಮೆರಾದ ವಿಡಿಯೋ ಗುಣಮಟ್ಟ ಒಂದು ಹಂತ ಇಳಿಸಿ.

ಖಚಿತ ಮಾಡಿಕೊಳ್ಳಲು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ ಮಾಡಿ: ping ಅಂತ ಬರೆದು ಪಕ್ಕದಲ್ಲಿ ವಿಳಾಸ ಹಾಕಿದರೆ, ಅಲ್ಲಿಂದ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ತೋರಿಸುತ್ತದೆ. ಮೊದಲು ರೂಟರ್‌ಗೆ. ಅದರ ವಿಳಾಸ ಹಿಂದಿನ ಸ್ಟಿಕ್ಕರ್‌ನಲ್ಲಿರುತ್ತದೆ, ಸಾಮಾನ್ಯವಾಗಿ 192.168.1.1. ಆಮೇಲೆ ಹೊರಗಿನ 8.8.8.8ಕ್ಕೆ, ಅದು ಗೂಗಲ್‌ನ ಸರ್ವರ್ ವಿಳಾಸ. ರೂಟರ್‌ಗೆ ಮಾಡಿದಾಗಲೇ 2, 3 ಮಿಲಿಸೆಕೆಂಡ್ ಇದ್ದದ್ದು 200, 300ಕ್ಕೆ ಹಾರುತ್ತಿದ್ದರೆ ಅದು ವೈಫೈ ಕಾಟ. ರೂಟರ್‌ಗೆ ಸರಿ ಇದ್ದು ಎರಡನೆಯದರಲ್ಲಿ ಮಾತ್ರ ಹಾರಿದರೆ, ಒಂದೋ ಅಪ್‌ಲೋಡ್ ತುಂಬಿದೆ, ಇಲ್ಲವೇ ತೊಂದರೆ ಹೊರಗಿದೆ.

ಲೈನ್ ನೋಡುವುದು

ಫೈಬರ್ ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ. ಅದು ಹಳೆಯ ತಾಮ್ರದ ಲೈನಿನ ಹಾಗೆ ಸ್ವಲ್ಪ ಸ್ವಲ್ಪವೇ ನಿಧಾನ ಆಗುವುದಿಲ್ಲ. ಬೆಳಕು ಸಾಕಷ್ಟು ಬರುವವರೆಗೆ ಪೂರ್ತಿ ಸ್ಪೀಡ್. ಒಂದು ಮಿತಿಗಿಂತ ಕಡಿಮೆಯಾದರೆ ಕಡಿದು ಕಡಿದು ಬರುತ್ತದೆ, ಆಮೇಲೆ ರೂಟರ್‌ನ ಎಲ್‌ಓಎಸ್ ದೀಪ (ಬೆಳಕು ಬರುತ್ತಿಲ್ಲ ಎಂಬ ಸೂಚನೆ) ಕೆಂಪಾಗುತ್ತದೆ. ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಆಪ್ಟಿಕಲ್ ಪವರ್, ಅಂದರೆ ಬರುವ ಬೆಳಕಿನ ಬಲ ಎಷ್ಟಿದೆ ಅಂತ ಹೆಚ್ಚಾಗಿ ಕಾಣುತ್ತದೆ. ಮೈನಸ್ ಲೆಕ್ಕ, ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 18, ಮೈನಸ್ 22 ಡಿಬಿಎಂ ಇದ್ದರೆ ಚೆನ್ನಾಗಿದೆ. ಮೈನಸ್ 27 ದಾಟಿದರೆ ನಮ್ಮನ್ನು ಕರೆಯಿರಿ. ಪ್ರತಿ 3 ಡಿಬಿ ಇಳಿದಾಗ ಬೆಳಕು ಅರ್ಧವಾಗುತ್ತದೆ.

ಕರೆಯುವ ಮೊದಲು ಮನೆಯೊಳಗಿನ ವೈರ್ ಮೇಲೆ ಕಣ್ಣಾಡಿಸಿ. ಮೊಳೆಗೆ ಬಿಗಿದು ಕಟ್ಟಿದ್ದು, ಕಿಟಕಿ ಸಂದಿಯಲ್ಲಿ ಮಡಚಿದ್ದು, ಬಾಗಿಲ ಕೆಳಗೆ ಸಿಕ್ಕಿದ್ದು ಇದೆಯೇ? ಗಾಜಿನ ಎಳೆ ಚೂಪಾಗಿ ಬಾಗಿದರೆ ಬೆಳಕು ಆ ತಿರುವಿನಲ್ಲೇ ಸೋರಿಹೋಗುತ್ತದೆ. ಉಳಿದ ವೈರನ್ನು ಊಟದ ತಟ್ಟೆಯಷ್ಟು ಅಗಲಕ್ಕೆ ಸುತ್ತಿ ಸಡಿಲವಾಗಿ ನೇತುಹಾಕಿ. ಹಸಿರು ಕನೆಕ್ಟರ್ ಇರುವ ಕಡೆ ನೀಲಿಯದನ್ನು ಸಿಕ್ಕಿಸಬೇಡಿ. ಹಸಿರಿನ ತುದಿಯನ್ನು ಓರೆಯಾಗಿ ಉಜ್ಜಿರುತ್ತಾರೆ, ಎರಡೂ ಸರಿಯಾಗಿ ಕೂರುವುದಿಲ್ಲ. ಕಳಚಿದ ತುದಿಯನ್ನು ಬೆರಳಿಂದ ಮುಟ್ಟಬೇಡಿ, ಕಣ್ಣಿನ ಹತ್ತಿರ ಹಿಡಿದು ಇಣುಕಲೇಬೇಡಿ. ಒಳಗಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾಗಂತ ಇಲ್ಲವೆಂದಲ್ಲ.

ರೂಟರನ್ನು ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡುವುದು ಒಳ್ಳೆಯದೇ. ಆದರೆ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ಒತ್ತಬೇಡಿ. ಅದು ರೀಸೆಟ್. ನಾವು ಹಾಕಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲಾ ಅಳಿಸಿಹೋಗಿ ಇದ್ದ ನೆಟ್ಟೂ ನಿಲ್ಲಬಹುದು.

ದೂರು ಕೊಡುವಾಗ

ಮೊದಲು ಪ್ಲಾನಿನ ಡೇಟಾ ಮಿತಿ ನೋಡಿ. ಮಿತಿ ಮುಗಿದ ಮೇಲೆ ಸ್ಪೀಡ್ ಇಳಿಸುವ ಪ್ಲಾನ್‌ಗಳಿವೆ, ತಿಂಗಳ ಕೊನೆಯಲ್ಲೇ ಸ್ಲೋ ಆಗುತ್ತಿದ್ದರೆ ಅದೇ ಇರಬಹುದು. ಅದಲ್ಲವಾದರೆ ಬೆಳಿಗ್ಗೆ ಆರಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ ಕೇಬಲ್ ಹಾಕಿ ಅಳೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬೆಳಿಗ್ಗೆ ಪೂರ್ತಿ ಬಂದು ರಾತ್ರಿ ಮಾತ್ರ ಕುಸಿದರೆ ನಿಮ್ಮ ಮನೆಯಲ್ಲಿ ಏನೂ ತಪ್ಪಿಲ್ಲ. ಹಲವು ಮನೆಗಳು ಹಂಚಿಕೊಳ್ಳುವ ಕಂಪನಿಯ ಲಿಂಕಿನಲ್ಲಿ ಜನ ಜಾಸ್ತಿಯಾಗಿದ್ದಾರೆ, ಅದನ್ನು ಕಂಪನಿಯೇ ಸರಿಮಾಡಬೇಕು. "ಕೇಬಲ್‌ನಲ್ಲಿ ಅಳೆದಿದ್ದೇನೆ, ಪವರ್ ಮೈನಸ್ 20 ಇದೆ, ರಾತ್ರಿ ಮಾತ್ರ ಹೀಗೆ" ಅಂತ ಹೇಳಿ ನೋಡಿ. ಫೋನ್ ಎತ್ತಿದವರು "ರೂಟರ್ ಆಫ್ ಮಾಡಿ ಆನ್ ಮಾಡಿ" ಅಂತ ಸಾಗಹಾಕುವುದು ಕಷ್ಟ. ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದ ಪ್ರಕಾರ ದೂರಿಗೆ ನಂಬರ್ ಕೊಡಲೇಬೇಕು. ಕೆಲಸ ಆಗದಿದ್ದರೆ ಅದೇ ನಂಬರ್ ಹಾಕಿ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. ಅದಕ್ಕೆ ಶುಲ್ಕ ಇಲ್ಲ.