ಆಸ್ಪತ್ರೆಯಲ್ಲಿ ಹಲ್ಲೆಯಾದರೆ ದೂರು ಬರೆಯುವುದು ಹೇಗೆ?

ಕ್ಯಾಶುವಾಲಿಟಿಯಲ್ಲಿ ನರ್ಸ್ ಕೆನ್ನೆಗೆ ಹೊಡೆದವರು ಮಾರನೇ ದಿನ ಆರಾಮಾಗಿ ಓಡಾಡಿಕೊಂಡಿರುತ್ತಾರೆ. 'ಪೊಲೀಸರು ಏನೂ ಮಾಡ್ಲಿಲ್ಲ' ಎಂದು ಸಿಬ್ಬಂದಿ ನೊಂದುಕೊಳ್ಳುತ್ತಾರೆ. ಎಷ್ಟೋ ಸಲ ಎಡವಟ್ಟು ಆಗಿರುವುದು ನಾವೇ ಬರೆದುಕೊಟ್ಟ ದೂರಿನಲ್ಲಿ. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿ ಮೇಲಿನ ಹಿಂಸಾಚಾರ ತಡೆಯಲು 2009ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿದೆ. ಆಗ ಅದರಲ್ಲಿ ಇಟ್ಟ ಶಿಕ್ಷೆ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಠಾಣೆಯಲ್ಲಿ ಜಾಮೀನು ಸಿಗುವ ಅಪರಾಧ ಇದಲ್ಲ. ಆದರೆ ಆ ಕಾಯ್ದೆ ಕೆಲಸ ಮಾಡಬೇಕಾದರೆ ದೂರು ಅದಕ್ಕೆ ಹೊಂದುವಂತೆ ಇರಬೇಕು.

1. ಮೊದಲು ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ. ಪೆಟ್ಟು ತಿಂದವರನ್ನು ರೋಗಿಯಂತೆಯೇ ನೋಂದಾಯಿಸಿ. ಊರಿನವರಿಗೆಲ್ಲ ಎಂಎಲ್‌ಸಿ ಬರೆಯುವ ಡಾಕ್ಟರು ತಮ್ಮ ಪಕ್ಕದಲ್ಲಿ ಡ್ಯೂಟಿ ಮಾಡುತ್ತಿದ್ದವರಿಗೆ ಬರೆಯುವುದನ್ನು ಮರೆಯುತ್ತಾರೆ. ಕೆನ್ನೆ ಊದಿದ್ದು, ಉಗುರು ಪರಚಿದ ಗೆರೆ, ಎಲ್ಲವನ್ನೂ ಅಳತೆ ಸಮೇತ ದಾಖಲಿಸಿ. ಎರಡು ದಿನ ಬಿಟ್ಟರೆ ಗುರುತೇ ಇರುವುದಿಲ್ಲ.

2. ಸಿಸಿಟಿವಿ ದೃಶ್ಯ ತೆಗೆದಿಡಿ. ಪರದೆಯ ಮೇಲೆ ಓಡುವ ವಿಡಿಯೊವನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು. ಕ್ಯಾಮೆರಾ ದೃಶ್ಯ ಉಳಿಸಿಡುವ ಯಂತ್ರವಾದ ಡಿವಿಆರ್‌ನಿಂದಲೇ ಪೂರ್ತಿ ಕಾಪಿ ಮಾಡಿ. ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರ ಬೇಕು. ಅದರಲ್ಲಿ ಒಂದು ಭಾಗಕ್ಕೆ ಯಂತ್ರ ನೋಡಿಕೊಳ್ಳುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಅಗ್ಗದ ಡಿವಿಆರ್ ಕೊಳ್ಳಬೇಡಿ. ಹಾರ್ಡ್‌ಡಿಸ್ಕ್ ಚಿಕ್ಕದಾದಷ್ಟೂ ಹಳೆಯದರ ಮೇಲೆ ಹೊಸದು ಬೇಗ ಬಂದು ಕೂರುತ್ತದೆ, ಪೊಲೀಸರು ಕೇಳುವ ಹೊತ್ತಿಗೆ ಆ ರಾತ್ರಿಯೇ ಮಾಯ. ಕನಿಷ್ಠ ಒಂದು ತಿಂಗಳ ದೃಶ್ಯ ಉಳಿಯುವಂಥದ್ದೇ ಇರಲಿ.

3. ದೂರು ಬರೆಯುವುದು. ಕೆಲಸ ಕೆಡುವುದೇ ಇಲ್ಲಿ. ಸಾಮಾನ್ಯವಾಗಿ ಬರೆಯುವ ಸಾಲು ಹೀಗಿರುತ್ತದೆ: 'ರೋಗಿಯ ಕಡೆಯವರು ಬಂದು ಗಲಾಟೆ ಮಾಡಿ, ಅವಾಚ್ಯವಾಗಿ ಬೈದು, ಕೈ ಮಾಡಿರುತ್ತಾರೆ.' ಇದನ್ನು ಓದಿದವರಿಗೆ ಬೀದಿ ಜಗಳ ಕಾಣಿಸುತ್ತದೆಯೇ ಹೊರತು ಆಸ್ಪತ್ರೆ ಕಾಣಿಸುವುದಿಲ್ಲ. ಸಣ್ಣಪುಟ್ಟ ಪೆಟ್ಟು, ಬೈಗುಳ ಎರಡೂ ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಸಂಜ್ಞೇಯ ಅಪರಾಧಗಳು. ಅಂದರೆ ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎನ್‌ಸಿಆರ್ (ಅಸಂಜ್ಞೇಯ ದೂರಿನ ವರದಿ) ಬರೆದು ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು.

ಅದನ್ನೇ ಹೀಗೆ ಬರೆಯಿರಿ: 'ರಾತ್ರಿ 11.40ಕ್ಕೆ ತುರ್ತು ಚಿಕಿತ್ಸಾ ಘಟಕದಲ್ಲಿ ಕರ್ತವ್ಯದಲ್ಲಿದ್ದ ಸ್ಟಾಫ್ ನರ್ಸ್ ಅವರು 4ನೇ ಬೆಡ್‌ನ ರೋಗಿಗೆ ಡ್ರಿಪ್ ಹಾಕುತ್ತಿದ್ದಾಗ, ನೀಲಿ ಅಂಗಿಯ ವ್ಯಕ್ತಿ ಅವರ ಎಡಕೆನ್ನೆಗೆ ಹೊಡೆದರು. ಡ್ರಿಪ್ ಸ್ಟ್ಯಾಂಡ್ ಬಿತ್ತು. ಇಪ್ಪತ್ತು ನಿಮಿಷ ಚಿಕಿತ್ಸೆ ನಿಂತಿತು.' ಡ್ಯೂಟಿಯಲ್ಲಿ ಇದ್ದರು, ಯಾವ ಕೆಲಸ ಮಾಡುತ್ತಿದ್ದರು, ಯಾವ ಕೆಲಸ ನಿಂತಿತು – ಈ ಮೂರೂ ಬಂದರೆ 2009ರ ಕಾಯ್ದೆ ತಾನಾಗಿ ಎದ್ದು ಕಾಣುತ್ತದೆ. ಆದರೂ ಕೊನೆಯಲ್ಲಿ ಕಾಯ್ದೆಯ ಹೆಸರು ಹಾಕಿಯೇ ಹಾಕಿ. ಠಾಣೆಯಲ್ಲಿ ಎಲ್ಲರಿಗೂ ಅದು ನೆನಪಿರುತ್ತದೆ ಅಂದುಕೊಳ್ಳಬೇಡಿ. ಸರ್ಕಾರಿ ಆಸ್ಪತ್ರೆಯಾದರೆ ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ ಎಂದು ನ್ಯಾಯ ಸಂಹಿತೆಯ 132ನೇ ಸೆಕ್ಷನ್ ಕೂಡ ಸೇರುತ್ತದೆ.

ಬೈದ ಮಾತನ್ನು ಬೈದ ಹಾಗೆಯೇ ಬರೆಯಿರಿ. ನಾಚಿಕೆಪಟ್ಟು 'ಅವಾಚ್ಯ ಶಬ್ದ' ಎಂದು ಮುಚ್ಚಬೇಡಿ. ಗಾಜು, ಮಾನಿಟರ್ ಒಡೆದಿದ್ದರೆ ಬೆಲೆ ಸಮೇತ ಪಟ್ಟಿ ಕೊಡಿ. ಹಾಳಾದ ಉಪಕರಣಕ್ಕೆ ಖರೀದಿ ಬೆಲೆಯ ದುಪ್ಪಟ್ಟು ವಸೂಲಿಗೆ ಈ ಕಾಯ್ದೆಯಲ್ಲಿ ಅವಕಾಶವಿದೆ. ರೋಗಿಯ ಕಾಯಿಲೆ ಏನು ಎಂಬುದನ್ನು ಮಾತ್ರ ಬರೆಯಬೇಡಿ, ಅದು ಅವರ ಗುಟ್ಟು. ಮತ್ತೆ, ಗ್ರೂಪುಗಳಲ್ಲಿ ಓಡಾಡುವ ರೆಡಿಮೇಡ್ ದೂರಿನ ನಮೂನೆ ಬೇಡವೇ ಬೇಡ. ಅವುಗಳಲ್ಲಿ ಈಗಲೂ ಐಪಿಸಿ ಸೆಕ್ಷನ್‌ಗಳೇ ಇರುತ್ತವೆ. 2024ರ ಜುಲೈ 1ರಿಂದ ನಡೆದ ಅಪರಾಧಗಳಿಗೆ ಅವು ನಡೆಯುವುದಿಲ್ಲ.

4. ಸಹಿ ಯಾರದ್ದು? ಸಂಸ್ಥೆಯ ಮುಖ್ಯಸ್ಥರದ್ದು. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಪೆಟ್ಟು ತಿಂದ ಹುಡುಗಿಯೇ ದೂರುದಾರಳಾದರೆ ಊರಿನ ಮುಖಂಡರು ಅವಳ ಮನೆ ಬಾಗಿಲಿಗೇ ಹೋಗಿ 'ವಾಪಸ್ ತಗೋಮ್ಮ' ಎನ್ನುತ್ತಾರೆ. ಅವಳು ಸಾಕ್ಷಿಯಾಗಿರಲಿ, ಮುಂದೆ ನಿಲ್ಲುವುದು ಆಡಳಿತದ ಕೆಲಸ. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ನಂತರ, 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹೊರಡಿಸಿದ ಆದೇಶವೂ ಇದನ್ನೇ ಹೇಳಿತು: ಆರು ಗಂಟೆಯೊಳಗೆ ಮುಖ್ಯಸ್ಥರೇ ಸಂಸ್ಥೆಯ ಪರವಾಗಿ ಎಫ್‌ಐಆರ್ ಮಾಡಿಸಬೇಕು. ಆ ಆದೇಶ ಹೋದದ್ದು ಕೇಂದ್ರದ ಆಸ್ಪತ್ರೆಗಳಿಗೆ. ಆದರೂ ನಿಮ್ಮ ನರ್ಸಿಂಗ್ ಹೋಮಿಗೂ ಅದೇ ಗಡುವು ಇಟ್ಟುಕೊಳ್ಳಿ.

5. ಠಾಣೆಯಲ್ಲಿ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. 'ನಮ್ಮ ಲಿಮಿಟ್ ಅಲ್ಲ' ಎಂದರೆ ಜೀರೊ ಎಫ್‌ಐಆರ್ (ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದದ್ದು) ಕೇಳಿ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಲು ಈಗ ಅವಕಾಶವಿದೆ. ಹಾಗೆ ಹೇಳಿದರೆ ದೂರಿಗೆ ಹಿಂಬರಹ, ಅಂದರೆ ಠಾಣೆಯ ಲಿಖಿತ ಉತ್ತರ, ಬರೆಸಿಕೊಂಡೇ ಹೊರಗೆ ಬನ್ನಿ. ದಾಖಲಿಸುವುದೇ ಇಲ್ಲ ಎಂದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.

6. ಎದುರು ದೂರು ಬರುತ್ತದೆ. 'ನಿರ್ಲಕ್ಷ್ಯದಿಂದ ಸಾವು' ಎಂದು. ಆ ಭಯಕ್ಕೆ ಯಾರೂ ರೋಗಿಯ ಚಿಕಿತ್ಸೆ ಬರೆದಿಡುವ ಕೇಸ್‌ಶೀಟ್ ತಿದ್ದಬೇಡಿ, ಒಂದು ಅಕ್ಷರ ಕೂಡ. ಸರಿಯಾಗಿ ಚಿಕಿತ್ಸೆ ಕೊಟ್ಟ ಡಾಕ್ಟರನ್ನೂ ತಿದ್ದಿದ ಕೇಸ್‌ಶೀಟ್ ಅಪರಾಧಿಯಂತೆ ನಿಲ್ಲಿಸುತ್ತದೆ. ವೈದ್ಯರ ಮೇಲೆ ಕ್ರಮಕ್ಕೆ ಮುನ್ನ ತನಿಖಾಧಿಕಾರಿ ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ.

7. ಆಮೇಲೆ. ಸಾಕ್ಷಿ ಸಮನ್ಸ್ ಬರುವ ಹೊತ್ತಿಗೆ ಆ ನರ್ಸ್ ಬೇರೆ ಊರಿಗೋ ಬೇರೆ ದೇಶಕ್ಕೋ ಹೋಗಿರಬಹುದು. ಕೆಲಸ ಬಿಡುವಾಗಲೇ ಖಾಯಂ ವಿಳಾಸ, ಫೋನ್ ನಂಬರ್ ಪಡೆದು ಎಫ್‌ಐಆರ್ ಫೈಲಿನಲ್ಲೇ ಇಡಿ. ಇನ್ನೂ ಕೆಲಸದಲ್ಲಿ ಇರುವವರು ಕೋರ್ಟಿಗೆ ಹೋದ ದಿನಕ್ಕೆ ಸಂಬಳ ಹಿಡಿಯಬೇಡಿ. ಅದನ್ನು ಡ್ಯೂಟಿ ಎಂದೇ ಹಾಜರಿ ಹಾಕಿ, ಬಸ್ ಚಾರ್ಜ್ ಕೊಟ್ಟು, ಆಸ್ಪತ್ರೆಯ ವಕೀಲರನ್ನು ಜೊತೆಗೆ ಕಳಿಸಿ.