ಹರಳು ಬೀಜ ಬಿಟ್ಟು ಸಾಸಿವೆ ಹಿಡಿದೆ

ರಕ್ತ ಹೀರುವ ಉಣುಗಿಲ್ಲದ ಕೊಟ್ಟಿಗೆ ಮಲೆನಾಡಿನಲ್ಲಿ ಉಂಟೇ ಎಂದು ನಕ್ಕವರೇ ಈಗ ಸಾಗರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದು, ಜೆರ್ಸಿಯ ಗಂಗೆದೊಗಲು ಎತ್ತಿ ನೋಡಿ ಹೋಗುತ್ತಾರೆ. ನೋಡಲಿ. ಈ ಬುದ್ಧಿ ಬರಲು ನನಗೆ ಐದು ವರ್ಷ ಮತ್ತು ಒಂದು ಹಸು ಖರ್ಚಾಗಿದೆ.

ನಲವತ್ತೆರಡು ಸಾವಿರ ಕೊಟ್ಟು ತಂದ ಹಸು ಅದು. ಉಣುಗು ಕಚ್ಚಿ ಹರಡುವ ರೋಗ: ಮೂರು ದಿನ ಜ್ವರ, ಆಮೇಲೆ ಕಾಫಿ ಕಷಾಯದಂಥ ಮೂತ್ರ. ಪಶುವೈದ್ಯರು ಬರುವಷ್ಟರಲ್ಲಿ ಮಲಗಿಬಿಟ್ಟಿತ್ತು. ಆ ಸಿಟ್ಟಿಗೆ ಸಿಂಪಡಣೆಯ ಔಷಧವನ್ನು ಹೇಳಿದ್ದಕ್ಕಿಂತ ದಪ್ಪ ಕಲಸಿ ಹೊಡೆದೆ. ಉಣುಗು ಸಾಯಲಿಲ್ಲ, ಉಳಿದ ಹಸು ದಿನವಿಡೀ ಜೊಲ್ಲು ಸುರಿಸಿತು. ಬೇವಿನೆಣ್ಣೆ, ಹೊಗೆಸೊಪ್ಪಿನ ನೀರು ಎಲ್ಲವೂ ಆಯಿತು. ತಿಂಗಳಿಗೆ ಏಳೆಂಟು ನೂರು ರೂಪಾಯಿ ಹಾಗೆಯೇ ಹೋಗುತ್ತಿತ್ತು.

ತಪ್ಪು ಇದ್ದದ್ದು ಕಣ್ಣಿನಲ್ಲಿ. ಹರಳು ಬೀಜದಷ್ಟು ಊದಿದ್ದು ಕಂಡಾಗ ಮಾತ್ರ ನಾನು ಔಷಧ ಹುಡುಕುತ್ತಿದ್ದೆ. ಅಂಥದ್ದೊಂದನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟದಲ್ಲಿಟ್ಟೆ. ನಾಲ್ಕನೆಯ ದಿನದಿಂದ ಮೊಟ್ಟೆ ಶುರು. ಕಂದು ಬಣ್ಣದ, ಒಂದಕ್ಕೊಂದು ಅಂಟಿದ ಗುಪ್ಪೆ. ಉಣುಗು ಮಾತ್ರ ದಿನದಿನಕ್ಕೆ ಸುಕ್ಕುಗಟ್ಟಿ ಒಣದ್ರಾಕ್ಷಿಯಂತಾಯಿತು. ಕಡ್ಡಿಯಿಂದ ಬಿಡಿಸಿ ಎಣಿಸುತ್ತಾ ಎರಡು ಸಾವಿರ ದಾಟಿದ ಮೇಲೆ ಕೈಬಿಟ್ಟೆ. ನಾನು ಕಿತ್ತು ಅಂಗಳಕ್ಕೆ ಎಸೆಯುತ್ತಿದ್ದದ್ದು ಇದನ್ನೇ!

ದನದ ಈ ಉಣುಗು ಮರಿಯಾಗಿ ಹತ್ತಿದರೆ ಸುಮಾರು ಮೂರು ವಾರ ಅದೇ ದನದ ಮೇಲಿದ್ದು, ಹೊಟ್ಟೆ ತುಂಬಿದ ಮೇಲೆ ಉದುರುತ್ತದೆ. ನಮ್ಮಲ್ಲಿ ಹೆಚ್ಚಿನವು ಉದುರುವುದು ಬೆಳಗಿನ ಹೊತ್ತು. ಹಾಗಾಗಿ ಒಂಬತ್ತರವರೆಗೆ ದನ ಬಿಡುವುದಿಲ್ಲ. ನೆಲ ಗುಡಿಸಿ ಕಸವನ್ನು ಅಲ್ಲೇ ಸುಡುತ್ತೇನೆ. ಗೋಡೆಯ ಬಿರುಕಿಗೆ ಸಿಮೆಂಟು, ಮೇಲೆ ಸುಣ್ಣ. ಇದಕ್ಕೆ ಮೂರು ಸಾವಿರದ ಆಸುಪಾಸು ಆಯಿತು. ಬೆಟ್ಟದ ಸೊಪ್ಪು ನೇರವಾಗಿ ಕೊಟ್ಟಿಗೆಗೆ ಬರುವುದಿಲ್ಲ. ಔಷಧ ಹೊಡೆಯುವುದು ಮೈಮೇಲೆ ಸಾಸಿವೆಯಷ್ಟರದ್ದು ಕೈಗೆ ಸಿಕ್ಕಾಗ, ಅದೂ ಚೀಟಿಯಲ್ಲಿರುವ ಅಳತೆಯಲ್ಲೇ. ಕಿವಿಯೊಳಗೆ ಮತ್ತು ಬಾಲದ ಬುಡಕ್ಕೆ ಒಂದು ಎಣ್ಣೆ ಸವರುತ್ತೇನೆ. ಅದಕ್ಕೆ ಏನೇನು ಹಾಕುತ್ತೇನೆ ಎನ್ನುವುದು ನನ್ನಲ್ಲೇ ಇರಲಿ.

ನಡುವೆ ಒಂದು ಹುಚ್ಚು. ದೊಡ್ಡ ದನಕ್ಕೆ ದೊಡ್ಡ ಉಣುಗು ಇರಬೇಕೆಂದು ಜೆರ್ಸಿಯದ್ದನ್ನೂ ಮಲೆನಾಡು ಗಿಡ್ಡದ್ದನ್ನೂ ಅಕ್ಕಸಾಲಿಗರ ತಕ್ಕಡಿಗೆ ಹಾಕಿಸಿದೆ. ಅವರ ಮುಖ ನೋಡಬೇಕಿತ್ತು. ಎರಡರ ತೂಕವೂ ಕಾಲು ಗ್ರಾಮಿನ ಆಚೀಚೆ. ವ್ಯತ್ಯಾಸ ಇದ್ದದ್ದು ಎಣಿಕೆಯಲ್ಲಿ: ಜೆರ್ಸಿಯ ಮೈಮೇಲೆ ಅರವತ್ತು, ಗಿಡ್ಡದ ಮೇಲೆ ಐದೋ ಆರೋ. ಗಿಡ್ಡ ನೆಕ್ಕುತ್ತದೆ, ಚರ್ಮ ಅದುರಿಸುತ್ತದೆ, ಸುಮ್ಮನೆ ಬಿಡುವುದಿಲ್ಲ. ಮ್ಯಾನ್ಮಾರ್‌ನಲ್ಲಿ ಸಿಕ್ಕ, ಸುಮಾರು 9.9 ಕೋಟಿ ವರ್ಷ ಹಳೆಯ ಮರದಂಟಿನಲ್ಲಿ ಡೈನೋಸಾರ್ ಗರಿಯನ್ನು ಹಿಡಿದುಕೊಂಡೇ ಸತ್ತ ಉಣುಗೊಂದಿದೆ. ಅದೂ ಚಿಕ್ಕದೇ. ಮೈ ಬೆಳೆಸಿಕೊಂಡರೆ ಕಣ್ಣಿಗೆ, ನಾಲಿಗೆಗೆ ಸಿಕ್ಕಿಬೀಳುತ್ತೇನೆಂದು ಅದಕ್ಕೆ ಗೊತ್ತಿದ್ದಂತಿದೆ.

ಕಾನಿನ ಉಣುಗಿಗೆ ನನ್ನ ಲೆಕ್ಕ ನಡೆಯುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯನ್ನು ಹರಡುವುದು ಅದು. ಚಿಕ್ಕದಿದ್ದಾಗ ಇಲಿ, ಹಕ್ಕಿ, ಮಂಗ. ಬೆಳೆದ ಮೇಲೆ ದನ. ತಾನು ದೊಡ್ಡದಾದಂತೆ ದೊಡ್ಡ ಮೈ ಹುಡುಕುತ್ತದೆ. ನಮಗೆ ಕಚ್ಚುವುದು ಹೆಚ್ಚಾಗಿ ಚಿಕ್ಕದೇ. ಜನವರಿಯಲ್ಲಿ ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಂಡು, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಬಿಳಿ ಪಂಚೆಯನ್ನು ಬೇಣದ ಹುಲ್ಲಿನ ಮೇಲೆ ಎಳೆದೆ. ಹತ್ತು ಮಾರಿಗೆ ಇಪ್ಪತ್ತೇಳು ಉಣುಗು! ಪಂಚೆಯನ್ನು ಕುದಿನೀರಿಗೆ ಹಾಕಿದೆ. ಮನೆಯವಳು ಆ ಹಂಡೆಯನ್ನು ಮತ್ತೆ ಮುಟ್ಟಲಿಲ್ಲ.

ಈಗ ಜೆರ್ಸಿಯ ಮೈಯಲ್ಲಿ ವಾರಕ್ಕೆ ಎರಡೋ ಮೂರೋ ಸಿಕ್ಕರೆ ಹೆಚ್ಚು. ಹಾಲು ಎರಡು ಲೀಟರ್ ಏರಿದೆ. ಪಕ್ಕದವರ ದನಗಳು ಮಾತ್ರ ಇನ್ನೂ ನಮ್ಮ ಬೇಣಕ್ಕೇ ನುಗ್ಗುತ್ತವೆ. ಬೇಲಿಗೆ ಹನ್ನೆರಡು ಸಾವಿರ ಬೇಕಂತೆ. ಅಡಕೆ ಕೊಟ್ಟ ಮೇಲೆ ನೋಡಬೇಕು.