ಪದಕದ ಅಂಚಿನಲ್ಲಿ ಸಿಕ್ಕ ಸುಳಿವು

ಸಕಲೇಶಪುರದ ನಮ್ಮ ಮನೆಯಲ್ಲಿ ಮುತ್ತಜ್ಜನ ಅಣ್ಣನ ಬೆಳ್ಳಿ ಪದಕವಿದೆ. ಅವರು ಯುದ್ಧದಿಂದ ವಾಪಸ್ ಬರಲಿಲ್ಲ. ಹೆಸರು ಹಾಕಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ನಮ್ಮ ಹೆಸರುಗಳನ್ನು ಗುಮಾಸ್ತರು ಇಂಗ್ಲಿಷಿನಲ್ಲಿ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದರು, ಅಲ್ವಾ?

ಭೂತಗನ್ನಡಿ ಹಿಡಿದು ಪದಕದ ಅಂಚು ನೋಡಿದೆ. ಸೈನಿಕನ ನಂಬರ್, ದರ್ಜೆ, ಹೆಸರು, ಪಲ್ಟನ್ ಎಲ್ಲವೂ ಅಲ್ಲೇ ಇತ್ತು. ರಿಬ್ಬನ್ ಮೇಲಿನ ಪಟ್ಟಿಯಲ್ಲಿ ‘ಅಫ್ಘಾನಿಸ್ತಾನ್ ಎನ್.ಡಬ್ಲ್ಯು.ಎಫ್. (ನಾರ್ತ್ ವೆಸ್ಟ್ ಫ್ರಾಂಟಿಯರ್, ವಾಯವ್ಯ ಗಡಿ) 1919’ ಎಂದಿತ್ತು. ಅಂದರೆ ಮೂರನೇ ಅಫ್ಘನ್ ಯುದ್ಧ.

ಎರಡು ಮಹಾಯುದ್ಧಗಳಲ್ಲಿ ಸತ್ತ ಸೈನಿಕರ ದಾಖಲೆ ಇಡುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ಹೆಸರು ಬಿಟ್ಟು ನಂಬರ್, ಪಲ್ಟನ್ ಕೊಟ್ಟು ಹುಡುಕಿದೆ. ಸಿಕ್ಕರು! ದೆಹಲಿಯ ಇಂಡಿಯಾ ಗೇಟ್ ಮೇಲೆ ಅವರ ಹೆಸರಿದೆ. ಮೊದಲ ಮಹಾಯುದ್ಧದ ಕಾಳಗ 1918ರಲ್ಲೇ ನಿಂತರೂ ಕಮಿಷನ್ನಿನ ಪಟ್ಟಿಯಲ್ಲಿ 1921ರ ಆಗಸ್ಟ್ 31ರವರೆಗೆ ಸತ್ತವರು ಸೇರಿದ್ದಾರೆ. ಹಾಗಾಗಿ 1919 ಅಂದ ತಕ್ಷಣ ಕೈಬಿಡಬೇಡಿ. ಪದಕವನ್ನು ಜಾಸ್ತಿ ಉಜ್ಜಲೂ ಬೇಡಿ, ಅಂಚಿನ ಅಕ್ಷರ ಸವೆಯುತ್ತದೆ.